ಗಲ್ಫ್‌ನಲ್ಲಿ ದುಡಿಮೆ, ಊರಲ್ಲಿ ಮನೆ: ತೆರಿಗೆಗೆ ಉಪ್ಪ ಎಲ್ಲಿಯ ನಿವಾಸಿ?



ತರಗತಿಯಲ್ಲಿ ಆದಾಯ ತೆರಿಗೆಯ ಹೆಸರು ಬಂತೆಂದರೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಉಪ್ಪ ಸೌದಿಯಲ್ಲಿದ್ದಾರೆ. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಎನ್‌ಆರ್‌ಐ ಆದ ಕಾರಣ ಇಲ್ಲಿಯೂ ಇಲ್ಲ. ಹಾಗಲ್ವಾ?" ಅರ್ಧ ಹೌದು, ಅರ್ಧ ಅಲ್ಲ ಎಂದು ನಾನು ಹೇಳುವಷ್ಟರಲ್ಲಿ ಬೆಲ್ ಆಗಿರುತ್ತದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ನಿಮ್ಮ ಪಿಯುಸಿ ಪಠ್ಯದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಕಾಗದ, ಬಾಡಿಗೆ ಕರಾರು, ತೆರಿಗೆ ಇಲಾಖೆಯ ಮೆಸೇಜು ಇವನ್ನೆಲ್ಲ ಓದಿ ಹೇಳುವ ಕೆಲಸ ಕಾಲೇಜಿಗೆ ಹೋಗುವ ಮಕ್ಕಳದ್ದೇ. ಹಾಗಾಗಿ ಇದು ನಿಮಗೆ ಬೇಕಾದ ಪಾಠ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. ತೆರಿಗೆಯ ಮಟ್ಟಿಗೆ ಒಬ್ಬರು ಅನಿವಾಸಿ ಹೌದೋ ಅಲ್ಲವೋ ಎಂಬುದನ್ನು ಅವರ ಇಖಾಮ ತೀರ್ಮಾನಿಸುವುದಿಲ್ಲ. ವೀಸಾವಾಗಲಿ, ಬ್ಯಾಂಕ್ ಪಾಸ್‌ಬುಕ್ಕಿನ ಮೇಲಿನ ಎನ್‌ಆರ್‌ಐ ಎಂಬ ಮುದ್ರೆಯಾಗಲಿ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ದಿನಗಳ ಲೆಕ್ಕ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಹಣಕಾಸು ವರ್ಷದಲ್ಲಿ ಅವರು ಭಾರತದ ನೆಲದ ಮೇಲೆ ಎಷ್ಟು ದಿನ ಇದ್ದರು ಎಂಬುದೇ ಮುಖ್ಯ. ಪ್ರತಿ ವರ್ಷವೂ ಈ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಕಳೆದ ವರ್ಷ ಅನಿವಾಸಿಯಾಗಿದ್ದವರು ಈ ವರ್ಷ ನಿವಾಸಿಯಾಗಬಹುದು.

ಇದರ ಮೇಲೆ ನಿಂತಿರುವುದು ದೊಡ್ಡ ವಿಷಯ. ನಿವಾಸಿಯಾದವರು ಲೋಕದ ಯಾವ ಮೂಲೆಯಲ್ಲಿ ದುಡಿದರೂ ಆ ಆದಾಯವನ್ನು ಭಾರತದಲ್ಲಿ ತೋರಿಸಬೇಕು. ಅನಿವಾಸಿಗೆ ಭಾರತದಲ್ಲಿ ಹುಟ್ಟಿದ ಅಥವಾ ಭಾರತದಲ್ಲಿ ಕೈಗೆ ಬಂದ ಆದಾಯಕ್ಕೆ ಮಾತ್ರ ತೆರಿಗೆ. ಜುಬೈಲ್‌ನಲ್ಲಿ ದುಡಿದು, ಅಲ್ಲಿಯ ಖಾತೆಗೆ ಸಂಬಳ ಪಡೆದು, ಅಲ್ಲಿಂದ ಊರಿಗೆ ಕಳಿಸುವ ಹಣ ಇಲ್ಲಿ ಆದಾಯವಲ್ಲ. ಉಮ್ಮನ ಖಾತೆಗೆ ತಿಂಗಳು ತಿಂಗಳು ಬರುವ ಮೊತ್ತ ನೋಡಿ ಹೆದರುವವರಿದ್ದಾರೆ. ಹೆದರಬೇಕಾಗಿಲ್ಲ.

ದಿನ ಎಣಿಸುವುದು ಹೇಗೆ

1961ರ ಆದಾಯ ತೆರಿಗೆ ಕಾಯ್ದೆಯ 6ನೇ ಸೆಕ್ಷನ್ ಎರಡು ದಾರಿ ಹೇಳುತ್ತದೆ. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದರೆ ನಿವಾಸಿ. ಇಲ್ಲವಾದರೆ, ಆ ವರ್ಷ 60 ದಿನ ಮತ್ತು ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ. 1 ಏಪ್ರಿಲ್ 2026ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಅದರಲ್ಲಿ 'ತೆರಿಗೆ ವರ್ಷ' ಎಂಬ ಹೊಸ ಹೆಸರು ಇದೆ. ದಿನಗಳ ಲೆಕ್ಕ ಮಾತ್ರ ಹಳೆಯದೇ.

ಎರಡನೆಯ ದಾರಿಯನ್ನು ನೋಡಿದರೆ ಗಲ್ಫ್‌ನಲ್ಲಿರುವ ನಮ್ಮವರಿಗೆ ಕಷ್ಟವಾಗಬೇಕಿತ್ತು. ವರ್ಷಕ್ಕೆ ಎರಡು ಸಲ ರಜೆಗೆ ಬಂದರೆ 60 ದಿನ ಸುಲಭವಾಗಿ ದಾಟುತ್ತದೆ. ಅದಕ್ಕಾಗಿಯೇ ಕಾಯ್ದೆಯಲ್ಲಿ ಒಂದು ರಿಯಾಯಿತಿ ಇದೆ. ಭಾರತದ ಪೌರರೊಬ್ಬರು ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋದ ವರ್ಷದಲ್ಲಿ ಮತ್ತು ಹೊರಗಿದ್ದವರು ಊರಿಗೆ ಭೇಟಿಗೆಂದು ಬರುವ ವರ್ಷಗಳಲ್ಲಿ ಈ 60ರ ಬದಲು 182 ಎಂದೇ ಓದಬೇಕು. ಉದ್ಯೋಗ ಎಂದರೆ ಕಂಪೆನಿಯ ನೌಕರಿ ಮಾತ್ರವಲ್ಲ, ಹೊರದೇಶದಲ್ಲಿ ಸ್ವಂತ ವ್ಯಾಪಾರಕ್ಕೆ ಹೋದದ್ದೂ ಸೇರುತ್ತದೆ ಎಂದು ಕೇರಳ ಹೈಕೋರ್ಟ್ ತೀರ್ಪು ಕೊಟ್ಟಿದೆ. ದುಬೈಯಲ್ಲಿ ಅಂಗಡಿ ಇಟ್ಟವರಿಗೆ ಇದು ದೊಡ್ಡ ಅನುಕೂಲ.

ಒಂದು ಲೆಕ್ಕ ಮಾಡೋಣ. ಜುಬೈಲ್‌ನಲ್ಲಿರುವ ತಂದೆಯೊಬ್ಬರು 20 ಮೇ 2024ರಂದು ಬಂದು 5 ಜುಲೈಗೆ ಹೋದರು. ಮೇ ತಿಂಗಳಲ್ಲಿ 12, ಜೂನ್‌ನಲ್ಲಿ 30, ಜುಲೈನಲ್ಲಿ 5, ಒಟ್ಟು 47 ದಿನ. ಮತ್ತೆ ರಂಝಾನಿಗೆಂದು 25 ಫೆಬ್ರವರಿ 2025ರಂದು ಬಂದು 10 ಏಪ್ರಿಲ್‌ಗೆ ವಾಪಸಾದರು. ಆ ಸಲ ನಮ್ಮಲ್ಲಿ ಈದುಲ್ ಫಿತ್ರ್ ಬಂದದ್ದು ಮಾರ್ಚ್ 31ಕ್ಕೆ, ಅಂದರೆ ಹಣಕಾಸು ವರ್ಷದ ಕೊನೆಯ ದಿನಕ್ಕೆ. ಹಾಗಾಗಿ ಒಂದೇ ರಜೆ ಎರಡು ವರ್ಷಗಳಿಗೆ ಹಂಚಿಹೋಯಿತು. ಹಬ್ಬದವರೆಗಿನ 35 ದಿನ 2024-25ಕ್ಕೆ, ಹಬ್ಬದ ಮರುದಿನದಿಂದ 10 ದಿನ 2025-26ಕ್ಕೆ. 2024-25ರ ಒಟ್ಟು 82 ದಿನ. 182ಕ್ಕಿಂತ ಎಷ್ಟೋ ಕಡಿಮೆ, ಆದ್ದರಿಂದ ಅವರು ಅನಿವಾಸಿ.

ನಾನು ಬಂದ ದಿನವನ್ನೂ ಹೋದ ದಿನವನ್ನೂ ಎಣಿಸಿದ್ದೇನೆ. ಬಂದ ದಿನವನ್ನು ಬಿಡಬಹುದೆಂಬ ತೀರ್ಪುಗಳೂ ಬಂದಿವೆ. ಆದರೆ ಕಟ್ಟೆಯ ಅಂಚಿನಲ್ಲಿ ನಿಂತವರು ಎರಡನ್ನೂ ಎಣಿಸಿಕೊಳ್ಳುವುದೇ ಸುರಕ್ಷಿತ. ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯಬೇಡಿ. ಇಮಿಗ್ರೇಷನ್ ಮುದ್ರೆ ಇರುವ ಪುಟಗಳೇ ನಾಳೆ ಸಾಕ್ಷಿ.

ಮೊದಲ ಸಲ ಹೊರಡುವವರಿಗೆ ಈ ಅಂಚು ನಿಜಕ್ಕೂ ಹರಿತ. ಏಪ್ರಿಲ್ 1ರಿಂದ ಎಣಿಸಿದರೆ 182ನೇ ದಿನ ಬೀಳುವುದು ಸೆಪ್ಟೆಂಬರ್ 29ಕ್ಕೆ. 28ರೊಳಗೆ ವಿಮಾನ ಹತ್ತಿ, ಆ ಮಾರ್ಚ್‌ವರೆಗೆ ಮತ್ತೆ ಊರಿಗೆ ಬಾರದಿದ್ದರೆ ಆ ವರ್ಷ ಅನಿವಾಸಿ. ಒಬ್ಬ ಎಂಜಿನಿಯರ್ 5 ಅಕ್ಟೋಬರ್ 2025ರಂದು ದುಬೈಗೆ ಹೋದನೆನ್ನಿ. ಅವನು ಇಲ್ಲಿದ್ದದ್ದು 188 ದಿನ, ಹಾಗಾಗಿ ನಿವಾಸಿ. ಮಾರ್ಚ್‌ವರೆಗೆ ಅಲ್ಲಿ ಗಳಿಸಿದ ಸಂಬಳ ರೂಪಾಯಿ ಲೆಕ್ಕದಲ್ಲಿ 18 ಲಕ್ಷ ಆಯಿತೆಂದುಕೊಳ್ಳಿ, ಬೇರೆ ಆದಾಯವಿಲ್ಲ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 17,25,000. ಅದರ ಮೇಲೆ ತೆರಿಗೆ 1,45,000, ಶೇ. 4 ಸೆಸ್ ಸೇರಿ 1,50,800 ರೂಪಾಯಿ. ಅಲ್ಲಿ ತೆರಿಗೆಯೇ ಇಲ್ಲದ ಕಾರಣ ಎರಡು ದೇಶಗಳ ಒಪ್ಪಂದದಡಿ ಕಳೆದುಕೊಳ್ಳಲು ಏನೂ ಇಲ್ಲ. ಒಂದು ವಾರ ಮೊದಲು ಹೊರಟಿದ್ದರೆ ಈ ಮೊತ್ತ ಸೊನ್ನೆ. ನಿಮ್ಮ ಅಣ್ಣನಿಗೆ ಆಫರ್ ಲೆಟರ್ ಬಂದಿದ್ದರೆ, ಟಿಕೆಟ್ ಬುಕ್ ಮಾಡುವ ಮೊದಲು ಕ್ಯಾಲೆಂಡರ್ ನೋಡಲು ಹೇಳಿ.

ಯಾಕೆ ಇಲ್ಲಿದ್ದಿರಿ ಎಂದು ಈ ಲೆಕ್ಕ ಸಾಮಾನ್ಯವಾಗಿ ಕೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ರಜೆಗೆ ಬಂದು ವಿಮಾನವಿಲ್ಲದೆ ಸಿಕ್ಕಿಬಿದ್ದವರ ವಿಷಯದಲ್ಲಿ, ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು 2019-20ರ ಲೆಕ್ಕದಿಂದ ಬಿಡಲು ಕೇಂದ್ರ ನೇರ ತೆರಿಗೆ ಮಂಡಳಿ ಒಪ್ಪಿತು. ಮುಂದಿನ ವರ್ಷಕ್ಕೆ ಅಂಥ ಸಾಮಾನ್ಯ ವಿನಾಯಿತಿಯನ್ನು ಅದು ಕೊಡಲಿಲ್ಲ.

ಹದಿನೈದು ಲಕ್ಷದ ಗೆರೆ

2020ರ ಬಜೆಟ್ ಮಂಡನೆಯಾದಾಗ ಗಲ್ಫ್‌ನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎದ್ದ ಗಾಬರಿ ಹಲವರಿಗೆ ನೆನಪಿರಬಹುದು. ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪೌರನನ್ನು ಭಾರತದ ನಿವಾಸಿ ಎಂದೇ ಭಾವಿಸಲಾಗುವುದು ಎಂಬ ಸಾಲು ಅದರಲ್ಲಿತ್ತು. ಗಲ್ಫ್ ಸಂಬಳಕ್ಕೆಲ್ಲ ತೆರಿಗೆ ಬಿತ್ತು ಎಂದು ಸುದ್ದಿ ಹಬ್ಬಿತು. ಮರುದಿನವೇ ಸರಕಾರ ಸ್ಪಷ್ಟನೆ ಕೊಟ್ಟಿತು: ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಸಂಬಳ ಇದರ ಗುರಿಯಲ್ಲ. ಕೊನೆಗೆ ಕಾನೂನಾದಾಗ 15 ಲಕ್ಷದ ಗೆರೆ ಬಂತು. ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯ, ಅಂದರೆ ಮುಖ್ಯವಾಗಿ ಇಲ್ಲಿಯ ಬಾಡಿಗೆ, ಬಡ್ಡಿ, ವ್ಯಾಪಾರದ ಲಾಭ, 15 ಲಕ್ಷ ದಾಟಿದವರಿಗೆ ಮಾತ್ರ ಈ ನಿಯಮ. ಅಂಥವರು ರಜೆಗೆ ಬಂದಾಗ 182ರ ಬದಲು 120 ದಿನದ ಮಿತಿಯನ್ನೂ ಗಮನಿಸಬೇಕು. ಹಾಗೆ ನಿವಾಸಿಯಾದರೂ ಅವರು 'ಸಾಮಾನ್ಯ ನಿವಾಸಿಯಲ್ಲದ' ನಿವಾಸಿ, ಬ್ಯಾಂಕಿನವರ ಬಾಯಲ್ಲಿ ಆರ್‌ಎನ್‌ಒಆರ್. ಅವರ ಹೊರದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ನಮ್ಮಲ್ಲಿ ಬಹುಪಾಲು ಮನೆಗಳಿಗೆ ಈ ಗೆರೆ ತಾಗುವುದೇ ಇಲ್ಲ. ಆದರೂ ಅಂದಿನ ಫಾರ್ವರ್ಡ್ ಮೆಸೇಜು ಇಂದಿಗೂ ತಿರುಗುತ್ತಿದೆ.

ಅನಿವಾಸಿಗೆ ಇಲ್ಲಿಯ ತೆರಿಗೆ

ಈಗ 'ಅಲ್ಲ' ಎಂದ ಅರ್ಧಕ್ಕೆ ಬರೋಣ. ನಮ್ಮ ಮನೆಗಳ ಹಣ ನಿಜವಾಗಿ ಸೋರುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ.

ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಗೆ ಇದೆ. ಬ್ಯಾಂಕು ಅದರಲ್ಲಿ ಶೇ. 30 ಮತ್ತು ಸೆಸ್ ಸೇರಿ ಶೇ. 31.2 ಟಿಡಿಎಸ್ ಹಿಡಿಯುತ್ತದೆ. ಎನ್‌ಆರ್‌ಒದಲ್ಲಿ 8 ಲಕ್ಷದ ಎಫ್‌ಡಿ ಇದ್ದು, ಶೇ. 7ರಂತೆ ವರ್ಷಕ್ಕೆ 56,000 ಬಡ್ಡಿ ಬಂದರೆ, ಹಿಡಿದ ತೆರಿಗೆ 17,472 ರೂಪಾಯಿ. ಆದರೆ ಆ ತಂದೆಗೆ ಭಾರತದಲ್ಲಿ ಬೇರೆ ಆದಾಯ ಎಂದರೆ ಒಂದು ಸಣ್ಣ ಬಾಡಿಗೆ ಮಾತ್ರ, ಎರಡೂ ಸೇರಿ 2 ಲಕ್ಷವೂ ಇಲ್ಲ ಎನ್ನಿ. 2025-26ಕ್ಕೆ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, ಅನಿವಾಸಿಗೂ ಇಲ್ಲ. ಅಂದರೆ ಪೂರ್ತಿ 17,472 ವಾಪಸ್ ಬರಬೇಕಾದ ಹಣ. ರಿಟರ್ನ್ ಸಲ್ಲಿಸಿದರೆ ಬರುತ್ತದೆ, ಸಲ್ಲಿಸದಿದ್ದರೆ ಇಲ್ಲ. "ನಮಗೆ ತೆರಿಗೆ ಇಲ್ಲ, ರಿಟರ್ನ್ ಯಾಕೆ?" ಎಂದು ವರ್ಷಾನುವರ್ಷ ಬಿಟ್ಟವರ ಲೆಕ್ಕ ಹಾಕಿ ನೋಡಿ. ಹತ್ತು ವರ್ಷಕ್ಕೆ ಅದೊಂದು ವರ್ಷದ ಕಾಲೇಜು ಶುಲ್ಕಕ್ಕಿಂತ ಹೆಚ್ಚೇ ಆದೀತು. ಅನಿವಾಸಿಗಳು ಐಟಿಆರ್-1 ಬಳಸುವಂತಿಲ್ಲ. ಸಂಬಳ, ಬಾಡಿಗೆ, ಬಡ್ಡಿ ಮಾತ್ರ ಇದ್ದವರಿಗೆ ಐಟಿಆರ್-2.

ಬಡ್ಡಿಗೆ ಟಿಡಿಎಸ್ ಬೇಡವೆಂದು ಫಾರಂ ತುಂಬಿಸಿ ಕೊಡುವವರಿದ್ದಾರೆ. ಆ ಫಾರಂ ನಿವಾಸಿಗಳಿಗೆ ಮಾತ್ರ. ಹೊರದೇಶಕ್ಕೆ ಉದ್ಯೋಗಕ್ಕೆ ಹೋದ ಮೇಲೂ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವುದೂ ಸರಿಯಲ್ಲ. ಅದನ್ನು ಎನ್‌ಆರ್‌ಒಗೆ ಬದಲಿಸಬೇಕು. ಇದು ಆದಾಯ ತೆರಿಗೆಯ ನಿಯಮವಲ್ಲ, ಫೆಮಾ ಎಂಬ ಇನ್ನೊಂದು ಕಾಯ್ದೆಯದ್ದು. ಫೆಮಾ ದಿನಗಳ ಜೊತೆಗೆ ಹೋದ ಉದ್ದೇಶವನ್ನೂ ನೋಡುತ್ತದೆ. ಹಾಗಾಗಿ ಒಬ್ಬನೇ ವ್ಯಕ್ತಿ ಒಂದೇ ವರ್ಷ ಬ್ಯಾಂಕಿಗೆ ಅನಿವಾಸಿ, ತೆರಿಗೆಗೆ ನಿವಾಸಿ ಆಗಿರಬಹುದು. ಮೇಲೆ ಹೇಳಿದ ಎಂಜಿನಿಯರ್ ಅಂಥವನೇ.

ಇನ್ನೊಂದು ಅಚ್ಚರಿ. ಪಕ್ಕದ ಮನೆಯ ನಿವಾಸಿಗೆ ವರ್ಷಕ್ಕೆ 7 ಲಕ್ಷ ತೆರಿಗೆಗೆ ಒಳಪಡುವ ಬಾಡಿಗೆ ಆದಾಯವಿದ್ದರೂ ರಿಬೇಟ್‌ನಿಂದಾಗಿ ತೆರಿಗೆ ಸೊನ್ನೆ. ಆ ರಿಬೇಟ್ ಅನಿವಾಸಿಗೆ ಸಿಗುವುದಿಲ್ಲ. ಅದೇ 7 ಲಕ್ಷಕ್ಕೆ ಅನಿವಾಸಿ 15,600 ಕಟ್ಟಬೇಕು. ಎನ್‌ಆರ್‌ಐ ಎಂದ ಮಾತ್ರಕ್ಕೆ ಎಲ್ಲ ಕಡೆ ಲಾಭವೆಂದು ತಿಳಿಯಬೇಡಿ.

ಬಾಡಿಗೆದಾರರಿಗೂ ಇದರಲ್ಲಿ ಪಾಲಿದೆ. ಮನೆಯ ಮಾಲಕರು ಅನಿವಾಸಿಯಾದರೆ ಬಾಡಿಗೆ ಎಷ್ಟೇ ಸಣ್ಣದಿರಲಿ, ಟಿಡಿಎಸ್ ಹಿಡಿಯುವ ಹೊಣೆ ಬಾಡಿಗೆದಾರರದ್ದು. ಜಾಗ ಕೊಳ್ಳುವವರಿಗೂ ಅಷ್ಟೆ. ಮಾರುವವರು ನಿವಾಸಿಯಾದರೆ 50 ಲಕ್ಷದಿಂದ ಮೇಲಕ್ಕೆ ಶೇ. 1 ಹಿಡಿದರೆ ಸಾಕು. ಅನಿವಾಸಿಯಾದರೆ ಆ 50 ಲಕ್ಷದ ಮಿತಿಯೂ ಇಲ್ಲ, ದರವೂ ಬಹಳ ಹೆಚ್ಚು. ಶೇ. 1 ಮಾತ್ರ ಹಿಡಿದು ರಿಜಿಸ್ಟರ್ ಮಾಡಿಸಿಕೊಂಡವರ ಮನೆಗೆ ನೋಟಿಸು ಬರಬಹುದು. ಮಾರುವವರು ಮೊದಲೇ ಅರ್ಜಿ ಹಾಕಿ, ಕಡಿಮೆ ದರದಲ್ಲಿ ಹಿಡಿಯುವಂತೆ ತೆರಿಗೆ ಅಧಿಕಾರಿಯಿಂದ ಪ್ರಮಾಣಪತ್ರ ಪಡೆಯಲು ಅವಕಾಶವಿದೆ.

ಹಡಗಿನಲ್ಲಿ ದುಡಿಯುವವರ ಮಕ್ಕಳಿಗೆ ಒಂದು ಮಾತು: ಹೊರದೇಶಕ್ಕೆ ಹೋಗುವ ಹಡಗಿನ ಭಾರತೀಯ ಸಿಬ್ಬಂದಿಯ ದಿನಗಳನ್ನು ಸಿಡಿಸಿ ಪುಸ್ತಕದಲ್ಲಿ ಬರೆದ ಸೇರಿದ ಮತ್ತು ಇಳಿದ ದಿನಾಂಕದಂತೆ ಎಣಿಸುತ್ತಾರೆ. ವಿದೇಶಿ ಹಡಗಿನಲ್ಲಿ ದುಡಿದ ಅನಿವಾಸಿಯ ಸಂಬಳ ನೇರವಾಗಿ ಎನ್‌ಆರ್‌ಇ ಖಾತೆಗೆ ಬಿದ್ದ ಕಾರಣಕ್ಕೇ ಅದಕ್ಕೆ ತೆರಿಗೆ ಹಾಕುವಂತಿಲ್ಲ ಎಂದು 2017ರಲ್ಲಿ ಮಂಡಳಿ ತಿಳಿಸಿದೆ.

ಎಕ್ಸಿಟ್ ಹೊಡೆದು ಬಂದ ಮೇಲೆ

ಕೆಲಸ ಮುಗಿಸಿ ಊರಿಗೆ ಮರಳಿದ ತಂದೆಯಂದಿರ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಆಗ ಕೈಯಲ್ಲಿರುವುದು ಇಡೀ ದುಡಿಮೆಯ ಉಳಿತಾಯ. 82 ದಿನದ ರಜೆಗಳ ಅದೇ ತಂದೆ 1 ಜುಲೈ 2025ರಂದು ಶಾಶ್ವತವಾಗಿ ಬಂದರೆನ್ನಿ. ಮಾರ್ಚ್‌ವರೆಗೆ 274 ದಿನ, ಅದಕ್ಕೆ ಏಪ್ರಿಲ್‌ನ ಆ 10 ದಿನವೂ ಸೇರುತ್ತದೆ. ಅವರು ನಿವಾಸಿ. ಆದರೆ ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ 729 ದಿನಕ್ಕಿಂತ ಹೆಚ್ಚು ಇರದವರು ಆರ್‌ಎನ್‌ಒಆರ್. ಅವರಿಗೆ ಈ ಸ್ಥಾನ 2025-26 ಮತ್ತು 2026-27, ಎರಡು ವರ್ಷಕ್ಕೂ ಸಿಗುತ್ತದೆ. ಈ ಅವಧಿಯಲ್ಲಿ ಅಲ್ಲಿಯ ಕಂಪೆನಿ ಅಲ್ಲಿಯ ಖಾತೆಗೇ ಹಾಕಿದ ಸರ್ವಿಸ್ ಹಣಕ್ಕೆ ಇಲ್ಲಿ ತೆರಿಗೆ ಇಲ್ಲ. ಅಲ್ಲಿಯ ಬ್ಯಾಂಕ್ ಬಡ್ಡಿಗೂ ಇಲ್ಲ.

ಮೂರನೆಯ ವರ್ಷ ಅವರು ಪೂರ್ಣ ನಿವಾಸಿ. ಆಗ ಹೊರದೇಶದಲ್ಲಿ ಉಳಿದ ಖಾತೆ, ಆಸ್ತಿ ಎಲ್ಲವನ್ನೂ ರಿಟರ್ನ್‌ನ ವಿದೇಶಿ ಆಸ್ತಿ ಭಾಗದಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಯುಎಇ, ಸೌದಿ ಸೇರಿ ಹಲವು ದೇಶಗಳ ಬ್ಯಾಂಕ್ ಮಾಹಿತಿ ಒಪ್ಪಂದದ ಪ್ರಕಾರ ಭಾರತಕ್ಕೆ ಬರುತ್ತದೆ. ಎನ್‌ಆರ್‌ಇ ಖಾತೆಯನ್ನೂ ಮರಳಿದ ಮೇಲೆ ನಿವಾಸಿ ಖಾತೆಯಾಗಿ ಬದಲಿಸಬೇಕು.

ಗಲ್ಫ್ ಎಂದರೆ ಸಂಬಳಕ್ಕೆ ತೆರಿಗೆ ಇಲ್ಲ ಎಂಬ ಮಾತೂ ಎಂದಿಗೂ ಹೀಗೆಯೇ ಇರುವುದಿಲ್ಲ. ಒಮಾನ್ 2025ರಲ್ಲಿ ವೈಯಕ್ತಿಕ ಆದಾಯ ತೆರಿಗೆಯ ಕಾನೂನು ಮಾಡಿದೆ: 2028ರ ಜನವರಿಯಿಂದ, ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯದ ಮೇಲೆ ಶೇ. 5. ಸದ್ಯಕ್ಕೆ ಅದು ದೊಡ್ಡ ಸಂಬಳದವರಿಗೆ ಮಾತ್ರ ತಾಗುತ್ತದೆ.

ಈಗ ನಿಮಗೊಂದು ಲೆಕ್ಕ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ 10 ಆಗಸ್ಟ್ 2024ರಂದು ಮೊದಲ ಸಲ ದೋಹಾಕ್ಕೆ ಕೆಲಸಕ್ಕೆ ಹೋದ ಎಂದುಕೊಳ್ಳಿ. 20 ಮಾರ್ಚ್ 2025ರಂದು ಹಬ್ಬಕ್ಕೆ ಬಂದು 12 ಏಪ್ರಿಲ್‌ಗೆ ಮರಳಿದ. 2024-25ಕ್ಕೆ ಅವನು ನಿವಾಸಿಯೋ ಅನಿವಾಸಿಯೋ? ಅದೇ ದಿನಾಂಕಗಳಲ್ಲಿ ಅವನು ಹೋದದ್ದು ಕೆಲಸಕ್ಕಲ್ಲ, ಓದಲಿಕ್ಕೆ ಎಂದಾದರೆ ಉತ್ತರ ಬದಲಾಗುತ್ತದೆಯೇ? ದಿನಗಳನ್ನು ತಿಂಗಳುವಾರು ಬರೆದು, ಕಾರಣ ಸಮೇತ ಉತ್ತರವನ್ನು ಸ್ಟಾಫ್ ರೂಮಿಗೆ ತನ್ನಿ. ಮನೆಯವರ ಪಾಸ್‌ಪೋರ್ಟ್ ತರಬೇಡಿ, ದಿನಾಂಕಗಳು ಸಾಕು.