ಮೋಸದ ಗೆಲುವಿಗೆ ನ್ಯಾಯವುಂಟೆ?

ಪ್ರಶ್ನೆ: ನರಿ, ಕರಡಿ ಪಾಲಿಗೆ ಹೊಲ ಮಾಡಿದ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. ನೆಲದ ಮೇಲಿನದು ತನಗಿರಲಿ ಎಂದ ಕರಡಿಗೆ ಉಳ್ಳಾಗಡ್ಡಿ ತಪ್ಪಲು ಸಿಕ್ಕಿತು. ಮರುವರ್ಷ ಕೆಳಗಿನದು ಬೇಕೆಂದಿತು. ನರಿ ಜೋಳ ಬಿತ್ತಿತು. ‘ನರಿ ಮೋಸ ಮಾಡಿ ಗೆದ್ದದ್ದು ಸರಿಯೇನಜ್ಜಿ?’ ಎನ್ನುತ್ತಾನೆ. ಏನು ಹೇಳಲಿ?
– ಓದುಗಿ, ನರಗುಂದ

ಉತ್ತರ: ಮೊದಲು ಹುಡುಗನ ಬೆನ್ನು ತಟ್ಟಿ. ಆಮೇಲೆ, ಹೊಲದಲ್ಲಿ ದುಡಿದವರು ಯಾರು ಎಂದು ಅವನನ್ನೇ ಕೇಳಿ. ಗ್ರಿಮ್ ಸಹೋದರರ ಜರ್ಮನ್ ಸಂಗ್ರಹದಲ್ಲಿ ಇದು ರೈತ ಮತ್ತು ಸೈತಾನನ ಕಥೆ. ರೈತನ ಹೊಲದಲ್ಲೇ ಇದ್ದ ನಿಧಿಯ ಮೇಲೆ ಕೂತು ಸೈತಾನ ಎರಡು ವರ್ಷದ ಅರ್ಧ ಬೆಳೆ ಕೇಳುತ್ತಾನೆ. ಏನು ಬಿತ್ತುತ್ತೀ ಎಂದು ವಿಚಾರಿಸುವುದೂ ಇಲ್ಲ. ಮೊದಲ ವರ್ಷ ಟರ್ನಿಪ್ ಗಡ್ಡೆ, ಮರುವರ್ಷ ಗೋಧಿ. ಎರಡೂ ಸಲ ಅವನಿಗೆ ಬರಿಗೈ. ದುಡಿಯದೆ ಪಾಲು ಕೇಳಿದವನನ್ನು ಒಕ್ಕಲುತನದ ತಿಳಿವಳಿಕೆ ಸೋಲಿಸಿತು. ನಿಮ್ಮ ಕಥೆಯ ಕರಡಿಯೂ ನರಿಯಷ್ಟೇ ಬೆವರು ಸುರಿಸಿದ್ದರೆ ಮೊಮ್ಮಗನ ತಕರಾರೇ ಸರಿ.

ಪ್ರಶ್ನೆ: ತೆನಾಲಿ ರಾಮಕೃಷ್ಣ ‘ತಿಲಕಾಷ್ಠ ಮಹಿಷಬಂಧನ’ ಎಂಬ ಇಲ್ಲದ ಗ್ರಂಥದ ಹೆಸರು ಹೇಳಿ ಪಂಡಿತನನ್ನು ಓಡಿಸಿದ. ಇದು ವಿದ್ಯೆಗೆ ಅವಮಾನವಲ್ಲವೆ?
– ವಿದ್ಯಾರ್ಥಿ, ಗಜೇಂದ್ರಗಡ

ಉತ್ತರ: ಎಳ್ಳಿನ ಕಟ್ಟಿಗೆಯನ್ನು ಎಮ್ಮೆ ಕಟ್ಟುವ ಹಗ್ಗದಿಂದ ಬಿಗಿದು, ಮೇಲೆ ರೇಷ್ಮೆ ವಸ್ತ್ರ ಸುತ್ತಿ ತಂದಿದ್ದ. ‘ಇದನ್ನು ನಾನು ಓದಿಲ್ಲ, ಬಿಚ್ಚಿ ತೋರಿಸಿ’ ಎಂದಿದ್ದರೆ ಪಂಡಿತನೇ ಗೆಲ್ಲುತ್ತಿದ್ದ. ಅಷ್ಟು ಹೇಳಲು ಬಾಯಿ ಬರದೆ ರಾತ್ರೋರಾತ್ರಿ ಊರು ಬಿಟ್ಟ. ಅವನನ್ನು ಕೆಡವಿದ್ದು ಅವನದೇ ಬಿಂಕ. ಗೊತ್ತಿಲ್ಲ ಎನ್ನುವ ಧೈರ್ಯವೂ ವಿದ್ಯೆಯ ಭಾಗ.

ಪ್ರಶ್ನೆ: ಇಂಥ ಕಥೆಗಳಿಗೂ ನಮ್ಮ ಸೀಮೆಗೂ ನಂಟಿದೆಯೆ? ಮಕ್ಕಳಿಗೆ ಯಾವುದನ್ನು ಹೇಳದೆ ಬಿಡಬೇಕು?
– ಶಿಕ್ಷಕಿ, ರೋಣ

ಉತ್ತರ: ಹಳೆಯ ನಂಟು. ನಿಮ್ಮ ತಾಲ್ಲೂಕಿನ ಸವಡಿಯೇ ಕವಿ ದುರ್ಗಸಿಂಹನ ಊರಾದ ಸಯ್ಯಡಿ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಆತ ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಆಧರಿಸಿ 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದರ ಐದು ಪ್ರಕರಣಗಳಲ್ಲಿ ಒಂದರ ಹೆಸರೇ ವಂಚನೆ. ಅದರ ಹಿಂದೆ ವಿಶ್ವಾಸ, ಮುಂದೆ ಮಿತ್ರಕಾರ್ಯ.

ಯಾವುದನ್ನೂ ಬಿಡಬೇಡಿ, ಜೋಡಿಸಿ ಹೇಳಿ. ಬಾವಿಯಲ್ಲಿ ಸಿಂಹಕ್ಕೆ ಅದರ ಬಿಂಬವನ್ನೇ ತೋರಿಸಿ ಕೆಡವಿದ ಮೊಲದ ಕಥೆ ಹೇಳಿದ ದಿನವೇ, ಹಣ್ಣು ಕೊಟ್ಟ ಮಂಗನ ಜೀವಕ್ಕೆ ಹೊಂಚಿ ಗೆಳೆತನ ಕಳೆದುಕೊಂಡ ಮೊಸಳೆಯ ಕಥೆಯನ್ನೂ ಹೇಳಿ. ಬಲಾಢ್ಯನ ಬಾಯಿಂದ ಪಾರಾಗುವ ಉಪಾಯ ಒಂದು, ನಂಬಿದವನಿಗೆ ಬಗೆಯುವ ದ್ರೋಹ ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿದ ಮಗು ಆ ಅಂತರವನ್ನು ತಾನೇ ಕಂಡುಕೊಳ್ಳುತ್ತದೆ.