ಉಬ್ಬಸಕ್ಕೆ ನಿತ್ಯೌಷಧ: ಸಂಯುಕ್ತ ಇನ್ಹೇಲರಿನ ಉಪಯೋಗ

ನಮ್ಮ ಸೀಮೆಯಲ್ಲಿ ಈ ವ್ಯಾಧಿಗೆ ಹೆಸರುಗಳು ಹಲವು. ಮನೆಯಲ್ಲಿ ಉಬ್ಬಸವೆಂದೂ ದಮ್ಮೆಂದೂ ಹೇಳುತ್ತೇವೆ. ನೆರೆಯ ತೆಲುಗರು ಉಬ್ಬಸಮು ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಅಸ್ತಮಾ ಎಂದಿರುತ್ತದೆ. ಔಷಧದ ಜೊತೆಗೆ ಬರುವ ಸೂಚನಾಪತ್ರವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದು. ಅಂಗಡಿಯವರು ತೆಲುಗಿನಲ್ಲಿ ವಿವರಿಸುವರು. ಮನೆಗೆ ಬಂದ ಮೇಲೆ ಅಜ್ಜಿಗೆ ಕನ್ನಡದಲ್ಲಿ ತಿಳಿಯಹೇಳುವ ಭಾರವು ಮಗುವಿನ ಮೇಲೆಯೇ ಬೀಳುವುದು. ಇಷ್ಟರಲ್ಲಿ ಮುಖ್ಯವಾದ ಮಾತೇ ಕಳೆದುಹೋಗುವುದುಂಟು. ಆದುದರಿಂದ ಈ ಪಾಠವನ್ನು ಮಕ್ಕಳೂ ಹಿರಿಯರೂ ಕೂಡಿ ಓದಬೇಕೆಂದು ಕೋರುತ್ತೇವೆ.

ನಮ್ಮ ಶಾಲೆಯ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ವೈದ್ಯರು ಸಂಯುಕ್ತ ಇನ್ಹೇಲರನ್ನು ಕೊಟ್ಟಿದ್ದರು. ಎರಡು ತಿಂಗಳಲ್ಲಿ ರಾತ್ರಿಯ ಕೆಮ್ಮು ನಿಂತಿತು. ಗುಣವಾಯಿತಲ್ಲವೇ, ಇನ್ನೇಕೆ ಎಂದು ಮನೆಯವರು ಅದನ್ನು ಪೆಟ್ಟಿಗೆಯಲ್ಲಿಟ್ಟರು. ಹೆಣ್ಣುಮಗುವಿನ ಕಾಯಿಲೆ ನಾಲ್ಕು ಜನಕ್ಕೆ ತಿಳಿಯಬಾರದೆಂದು ಶಾಲೆಗೂ ತಿಳಿಸಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿಯೇ ಆಕೆಗೆ ಉಸಿರು ಕಟ್ಟಿತು. ಚೀಲದಲ್ಲಿ ಔಷಧವಿರಲಿಲ್ಲ, ಏನು ಮಾಡಬೇಕೆಂಬುದು ಉಪಾಧ್ಯಾಯರಾದ ನಮಗೂ ತಿಳಿದಿರಲಿಲ್ಲ. ಆಸ್ಪತ್ರೆಗೆ ಸಕಾಲದಲ್ಲಿ ತಲುಪಿದುದರಿಂದ ಮಗು ಉಳಿಯಿತು. ಆ ದಿನ ನಮ್ಮ ಅಜ್ಞಾನಕ್ಕೆ ನಾವೇ ನಾಚಿದೆವು.

ಈ ವ್ಯಾಧಿಯಲ್ಲಿ ನಡೆಯುವುದೇನು? ಶ್ವಾಸಕೋಶದೊಳಗಿನ ಗಾಳಿಯ ನಳಿಗೆಗಳ ಒಳಪೊರೆಯು ಉರಿಯೂತದಿಂದ ಬಾತಿರುತ್ತದೆ. ಧೂಳು, ಹೊಗೆ, ತಣ್ಣನೆಯ ಗಾಳಿ, ನೆಗಡಿ ಇವುಗಳ ಸೋಂಕು ತಗಲಿದೊಡನೆ ನಳಿಗೆಯ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಕಫವೂ ಸೇರಿ ದಾರಿ ಕಿರಿದಾಗುತ್ತದೆ. ಭೌತಶಾಸ್ತ್ರದ ನಿಯಮವೊಂದನ್ನು ಇಲ್ಲಿ ನೆನೆಯಬಹುದು. ಶಾಂತವಾದ ಹರಿವಿನಲ್ಲಿ, ನಳಿಗೆಯ ಒಳವ್ಯಾಸವು ಅರ್ಧಕ್ಕಿಳಿದರೆ ತಡೆಯು 2 ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಸ್ವಲ್ಪವೇ ಬಾವು ಬಂದರೂ ಮಗು ಅಷ್ಟೊಂದು ಬಳಲುವುದಕ್ಕೆ ಇದೇ ಕಾರಣ.

ಹೀಗೆ ಕೆಡುಕು ಎರಡು ಬಗೆಯದಾದುದರಿಂದ ಔಷಧವೂ ಎರಡು ಬಗೆಯದು. ಬುಡೆಸೊನೈಡ್, ಫ್ಲುಟಿಕಾಸೋನ್ ಮೊದಲಾದ ಸ್ಟೆರಾಯಿಡುಗಳು ಬಾವನ್ನು ಇಳಿಸುತ್ತವೆ. ಅವುಗಳ ಪೂರ್ಣಫಲ ಕಾಣಲು ವಾರಗಳೇ ಬೇಕು. ಫಾರ್ಮೊಟೆರಾಲ್, ಸಾಲ್ಮೆಟೆರಾಲ್ ಎಂಬವು ಬಿಗಿದ ಸ್ನಾಯುಗಳನ್ನು ಸಡಿಲಿಸಿ ಸುಮಾರು 12 ಗಂಟೆಗಳ ಕಾಲ ತೆರೆದಿಡುತ್ತವೆ. ಇವೆರಡನ್ನೂ ಒಂದೇ ಉಪಕರಣದಲ್ಲಿ ಸೇರಿಸಿದುದೇ ಸಂಯುಕ್ತ ಇನ್ಹೇಲರು. ಸೇರಿಸಿದುದರಲ್ಲಿ ಒಂದು ವಿವೇಕವಿದೆ. ಬೇರೆಬೇರೆಯಾಗಿ ಕೊಟ್ಟರೆ, ಹಾಯೆನಿಸುವುದನ್ನು ಮಾತ್ರ ಸೇದಿ, ನಿಧಾನವಾಗಿ ಕೆಲಸ ಮಾಡುವುದನ್ನು ಬಿಡುವುದು ಮನುಷ್ಯಸ್ವಭಾವ. ಸ್ಟೆರಾಯಿಡಿಲ್ಲದೆ ದೀರ್ಘಕಾಲದ ಸ್ನಾಯುಶೈಥಿಲ್ಯಕಾರಿಯನ್ನು ಮಾತ್ರ ಬಳಸುವುದು ಅಸ್ತಮಾದಲ್ಲಿ ಅಪಾಯಕರ. ಒಳಗೆ ಬಾವು ಬೆಳೆಯುತ್ತಿದ್ದರೂ ಹೊರಗೆ ತಿಳಿಯದು. ಹೂಳು ತೆಗೆಯದೆ ಕಾಲುವೆಯ ತೂಬನ್ನಷ್ಟೇ ಎತ್ತಿದಂತೆ.

ಒತ್ತಿ ಸೇದುವ ಅಳತೆಯ ಇನ್ಹೇಲರು ಮೊದಲು ಮಾರಾಟಕ್ಕೆ ಬಂದುದು ಅಮೆರಿಕದಲ್ಲಿ, 1956ರಲ್ಲಿ. ಕಂಪೆನಿಯ ಅಧ್ಯಕ್ಷ ಜಾರ್ಜ್ ಮೇಸನ್ನರ 13 ವರ್ಷದ ಮಗಳು ಉಬ್ಬಸದಿಂದ ನರಳುತ್ತಿದ್ದಳು. ಕೂದಲಿಗೆ ಸಿಂಪಡಿಸುವ ದ್ರವದಂತೆ ತನ್ನ ಔಷಧವನ್ನೂ ಡಬ್ಬಿಯಲ್ಲಿ ತುಂಬಬಾರದೇಕೆ ಎಂದು ಆಕೆ ಕೇಳಿದುದೇ ಈ ಸಾಧನಕ್ಕೆ ಮೂಲವೆಂದು ಹೇಳುತ್ತಾರೆ. ಶಾಲಾಬಾಲೆಯ ಪ್ರಶ್ನೆಯನ್ನು ಹಿರಿಯರು ತಳ್ಳಿಹಾಕದಿದ್ದುದು ಲೋಕಕ್ಕೆ ಉಪಕಾರವಾಯಿತು.

ಈಗ ಉಪಯೋಗಿಸುವ ಕ್ರಮವನ್ನು ನೋಡೋಣ. ಒತ್ತುವ ಬಗೆಯದಾದರೆ ಮುಚ್ಚಳ ತೆಗೆದು ಚೆನ್ನಾಗಿ ಕುಲುಕಬೇಕು. ನೆಟ್ಟಗೆ ಕುಳಿತು ಉಸಿರನ್ನು ಪೂರ್ತಿಯಾಗಿ ಹೊರಬಿಡಬೇಕು. ಬಾಯಿಗಿಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಸೇದಲಾರಂಭಿಸಿದೊಡನೆಯೇ ಒತ್ತಬೇಕು. ಕೊನೆಯವರೆಗೂ ಸೇದಿ ಮನಸ್ಸಿನಲ್ಲಿ 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೆಯ ಸಲಕ್ಕೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಇದೇ ಕ್ರಮವನ್ನು ಅನುಸರಿಸಬೇಕು. ಕಡೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ಬಾಯಲ್ಲಿ ಬಿಳಿಯ ಬೂಷ್ಟು ಬರಬಹುದು, ಧ್ವನಿ ಒಡೆಯಬಹುದು. ಮಕ್ಕಳಿಗೆ ಸ್ಪೇಸರೆಂಬ ಕೊಳವೆಯನ್ನು ಜೋಡಿಸಿದರೆ ಔಷಧವು ಗಂಟಲಿಗೆ ಬಡಿಯದೆ ಶ್ವಾಸಕೋಶಕ್ಕೆ ಹೆಚ್ಚಾಗಿ ಸೇರುತ್ತದೆ. ಪುಡಿಯ ಬಗೆಯದಕ್ಕೆ ಕ್ರಮ ಬೇರೆ: ಅದರೊಳಗೆ ಊದಬಾರದು, ನಿಧಾನವಾಗಿಯಲ್ಲ, ರಭಸದಿಂದ ಆಳವಾಗಿ ಸೇದಬೇಕು.

ಔಷಧ ಮುಗಿಯುವ ದಿನವನ್ನು ಮಕ್ಕಳೇ ಲೆಕ್ಕ ಹಾಕಲಿ. 120 ಸಲದ ಡಬ್ಬಿಯಿಂದ ಬೆಳಿಗ್ಗೆ 2, ಸಂಜೆ 2 ಸಲ ಸೇದಿದರೆ ಅದು 30 ದಿನಕ್ಕೆ ಸಾಕು. ಬಳಿಕವೂ ಒತ್ತಿದರೆ ಗಾಳಿ ಬರಬಹುದು. ಅಳತೆಯ ಔಷಧ ಬರುವುದೆಂಬ ಭರವಸೆಯಿಲ್ಲ.

ಪೋಷಕರ ಸಂದೇಹಗಳಿಗೆ ಬರೋಣ. ಇನ್ಹೇಲರು ಚಟವಾಗುವುದೇ? ಇಲ್ಲ. ಸ್ಟೆರಾಯಿಡ್ ಎಂಬ ಹೆಸರೇ ಭಯ ಹುಟ್ಟಿಸುವುದು ಸಹಜ. ಆದರೆ ಗುಳಿಗೆಯ ಔಷಧವು ಮಿಲಿಗ್ರಾಂಗಳಲ್ಲಿ ಮೈಯೆಲ್ಲ ಹರಡಿದರೆ, ಇದು ಅದರ ಸಾವಿರದ ಒಂದು ಭಾಗವಾದ ಮೈಕ್ರೊಗ್ರಾಂಗಳಲ್ಲಿ ನೇರವಾಗಿ ನಳಿಗೆಗಳಿಗೇ ಹೋಗುತ್ತದೆ. ದೀರ್ಘಕಾಲ ಬಳಸುವ ಮಕ್ಕಳ ಎತ್ತರ ಸುಮಾರು 1 ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಹತೋಟಿ ತಪ್ಪಿದ ಉಬ್ಬಸವು ಬೆಳವಣಿಗೆಯನ್ನೂ ನಿದ್ರೆಯನ್ನೂ ಕೆಡಿಸುತ್ತದೆ, ಪ್ರಾಣಕ್ಕೂ ಎರವಾಗುತ್ತದೆ. ಪ್ರಮಾಣವನ್ನು ಇಳಿಸುವುದಿದ್ದರೆ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಪ್ರತಿವರ್ಷ ಜೂನ್ ತಿಂಗಳ ಮೃಗಶಿರಾ ಕಾರ್ತಿಯಲ್ಲಿ ಮೀನಿನ ಪ್ರಸಾದಕ್ಕಾಗಿ ಹೈದರಾಬಾದಿಗೆ ಹೋಗುವವರು ಬಹುಮಂದಿ. ಅದರಿಂದ ಉಬ್ಬಸ ಗುಣವಾಗುವುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅವರವರ ನಂಬಿಕೆಯನ್ನು ನಾವು ಹೀಯಾಳಿಸುವುದಿಲ್ಲ; ಆದರೆ ಹೋಗುವಾಗಲೂ ಬಂದ ಮೇಲೂ ಇನ್ಹೇಲರನ್ನು ಬಿಡಬಾರದೆಂದು ಒತ್ತಿ ಹೇಳುತ್ತೇವೆ.

ಇನ್ನೊಂದು ಎಚ್ಚರಿಕೆ. ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಫಲ ಕೊಡುವುದರಿಂದ, ಅದನ್ನೂ ಬುಡೆಸೊನೈಡನ್ನೂ ಕೂಡಿಸಿದ ಇನ್ಹೇಲರನ್ನು ಉಸಿರು ಕಟ್ಟಿದಾಗಲೂ ಬಳಸುವಂತೆ ವೈದ್ಯರು ಹೇಳಬಹುದು. ಸಾಲ್ಮೆಟೆರಾಲ್ ನಿಧಾನಿ, ಅದಿರುವುದನ್ನು ಆಪತ್ತಿನಲ್ಲಿ ನೆಚ್ಚಬಾರದು. ನಮ್ಮದು ಯಾವುದು, ಆಪತ್ತಿಗೆ ಯಾವುದು ಎಂಬೆರಡನ್ನೂ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿರಿ. ಮಗುವಿಗೆ ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಕ್ಕೆಗಳು ಒಳಸೆಳೆದರೆ, ಶಮನದ ಔಷಧಕ್ಕೂ ಬಗ್ಗದಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕಾಯುವಾಗ ಮಲಗಿಸಬಾರದು, ಕುಳ್ಳಿರಿಸಬೇಕು.

ಆ ವಿದ್ಯಾರ್ಥಿನಿಯು ಈಗ ಬೆಳಿಗ್ಗೆ ಹಲ್ಲುಜ್ಜುವ ಮೊದಲು, ರಾತ್ರಿ ಮಲಗುವ ಮೊದಲು ತಪ್ಪದೆ ಔಷಧವನ್ನು ಸೇದುತ್ತಾಳೆ. ಅದರ ಕ್ರಮವನ್ನು ಅಜ್ಜಿಗೂ ಕನ್ನಡದಲ್ಲಿ ಕಲಿಸಿದ್ದಾಳೆ. ಹೊತ್ತನ್ನು ನೆನಪಿಸುವ ಕೆಲಸ ಅಜ್ಜಿಯದೇ. ಈ ವರ್ಷದ ಓಟದ ಸ್ಪರ್ಧೆಯಲ್ಲಿ ಆಕೆ ನಾಲ್ಕನೆಯವಳಾದಳು. ಬಹುಮಾನ ಬರಲಿಲ್ಲವೆಂದು ಅತ್ತಳು. ನಮಗೆ ಮಾತ್ರ ಸಂತೋಷವೇ ಆಯಿತು. ಉಬ್ಬಸವುಳ್ಳ ಮಕ್ಕಳ ವಿಷಯವನ್ನು ಪೋಷಕರು ಸಂಕೋಚವಿಲ್ಲದೆ ತರಗತಿಯ ಉಪಾಧ್ಯಾಯರಿಗೆ ತಿಳಿಸಬೇಕೆಂದು ವಿನಂತಿಸುತ್ತೇವೆ. ಮುಚ್ಚಿಡತಕ್ಕದ್ದು ಇನ್ಹೇಲರಿನ ಮುಚ್ಚಳವೇ ಹೊರತು ವ್ಯಾಧಿಯಲ್ಲ.