ಮರುಭೂಮಿಯ ಹದಿನೆಂಟು ಕೋಣೆಗಳು

ಕ್ಯಾಲಿಫೋರ್ನಿಯ ಎಂದೊಡನೆ ಕಡಲ ತೀರವೂ ಚಲನಚಿತ್ರಗಳ ನಗರವೂ ನೆನಪಿಗೆ ಬರುವುದು ಸಹಜ. ಆದರೆ ಅಮೆರಿಕದ ಅದೇ ರಾಜ್ಯದ ಒಳನಾಡಿನಲ್ಲಿ ಮೊಹಾವಿ ಎಂಬ ವಿಶಾಲವಾದ ಮರುಭೂಮಿಯಿದೆ. ಬೇಸಗೆಯಲ್ಲಿ ಅಲ್ಲಿಯ ನೆಲ ಕಾದ ಹಂಚಿನಂತಾಗುತ್ತದೆ. ಊರಿಗೂ ಊರಿಗೂ ನಡುವೆ ಬರಿಯ ಕುರುಚಲು ಗಿಡಗಳು. ಇಂಥ ಒಂದು ಸಣ್ಣ ಊರಿನಲ್ಲಿ ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬವೊಂದು ಮೋಟೆಲ್ ನಡೆಸುತ್ತಿತ್ತು. ಕಾರಿನಲ್ಲಿ ದೂರ ಪ್ರಯಾಣ ಮಾಡುವವರು ರಾತ್ರಿ ತಂಗುವ ಅಗ್ಗದ ವಸತಿಗೃಹಕ್ಕೆ ಆ ದೇಶದಲ್ಲಿ ಮೋಟೆಲ್ ಎಂದು ಹೆಸರು. ಆ ಮೋಟೆಲಿನಲ್ಲಿದ್ದುದು ಹದಿನೆಂಟು ಕೋಣೆಗಳು. ಅಲ್ಲಿ ಬೆಳೆದ ಹುಡುಗಿಯೇ ಮುಂದೆ ಹದಿಹರೆಯದವರಿಗಾಗಿ ಕಾದಂಬರಿಗಳನ್ನು ಬರೆದು ಹೆಸರಾದ ಸಬಾ ತಾಹಿರ್.

ಸಬಾ ಹುಟ್ಟಿದ್ದು ಲಂಡನ್ನಿನಲ್ಲಿ. ಎಳೆಗೂಸಾಗಿದ್ದಾಗಲೇ ತಂದೆತಾಯಿಗಳು ಆಕೆಯನ್ನು ಕರೆದುಕೊಂಡು ಅಮೆರಿಕಕ್ಕೆ ಬಂದರು. ಮರುಭೂಮಿಯ ಊರಿನಲ್ಲಿ ಅವರಂಥ ಮೈಬಣ್ಣದವರು, ಅವರ ಮತದವರು ವಿರಳ. ಕೋಣೆ ಕೇಳಿಕೊಂಡು ಬಂದವರಲ್ಲಿ ಕೆಲವರು ತನ್ನ ಹೆತ್ತವರನ್ನು ಹೀನಾಯವಾಗಿ ಮಾತನಾಡಿಸುವುದನ್ನು ಬಾಲಕಿ ಕಿವಿಯಾರೆ ಕೇಳಿದಳು. ಮನೆಯ ಜೀವನೋಪಾಯವೇ ಅತಿಥಿಗಳನ್ನು ಅವಲಂಬಿಸಿದಾಗ ಮರುಮಾತಾಡುವುದು ಸುಲಭವಲ್ಲ. ಇಂಥ ದಿನಗಳಲ್ಲಿ ಆಕೆಗೆ ಆಸರೆಯಾದವು ಪುಸ್ತಕಗಳು. ಅದ್ಭುತ ಕಥೆಗಳನ್ನು ಹಸಿದವಳಂತೆ ಓದಿದಳು. ಅಣ್ಣನು ಕೂಡಿಟ್ಟಿದ್ದ ಚಿತ್ರಕಥೆಗಳ ಪುಸ್ತಕಗಳಿಗೂ ಕೈ ಹಾಕುತ್ತಿದ್ದಳು. ಗಿಟಾರನ್ನೂ ನುಡಿಸುತ್ತಿದ್ದಳಂತೆ, ಆದರೆ ಚೆನ್ನಾಗಿ ಅಲ್ಲ ಎಂದು ಆಕೆಯೇ ನಗುತ್ತ ಹೇಳಿಕೊಂಡಿದ್ದಾರೆ. ಓದಿದ ಆ ಕಥೆಗಳಲ್ಲಿ ರಾಜಕುಮಾರಿಯರಿದ್ದರು, ವೀರರಿದ್ದರು. ತನ್ನಂತಹ ಹೆಸರುಳ್ಳವಳು ಮಾತ್ರ ಕಾಣಸಿಗುವುದು ಅಪರೂಪವಾಗಿತ್ತು.

ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಗಿಸಿದ ಸಬಾ ರಾಜಧಾನಿಯ ಪ್ರಸಿದ್ಧ ಪತ್ರಿಕೆಯಾದ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಉಪಸಂಪಾದಕಿಯಾದರು. ರಾತ್ರಿ ಪಾಳಿಯ ಕೆಲಸ. ಊರೆಲ್ಲ ಮಲಗಿರುವಾಗ ದೇಶದೇಶಗಳಿಂದ ಬಂದ ವರದಿಗಳನ್ನು ಓದಿ, ತಪ್ಪುಗಳನ್ನು ತಿದ್ದಿ, ಅಚ್ಚಿಗೆ ಸಿದ್ಧಪಡಿಸಬೇಕು. ಹೀಗೆ ಕೈಗೆ ಬಂದ ಒಂದು ವರದಿ ಕಾಶ್ಮೀರದ ಕೆಲವು ಮಹಿಳೆಯರನ್ನು ಕುರಿತದ್ದು. ಅವರ ಗಂಡಂದಿರು, ಮಕ್ಕಳು, ಒಡಹುಟ್ಟಿದವರು ಸೆರೆಯಾಗಿ ಹೋದವರು ಮತ್ತೆ ಮನೆಗೆ ಬಂದಿರಲಿಲ್ಲ. ವರದಿಯನ್ನು ತಿದ್ದಿ ಕಳುಹಿಸಿದ್ದಾಯಿತು; ಆದರೆ ಅದು ಮನಸ್ಸನ್ನು ಬಿಡಲಿಲ್ಲ. ತನ್ನ ಅಣ್ಣನನ್ನೇ ಹಾಗೆ ಎಳೆದುಕೊಂಡು ಹೋದರೆ ತಾನೇನು ಮಾಡಿಯೇನು ಎಂಬ ಪ್ರಶ್ನೆ ಅವರ ಮೊದಲ ಕಾದಂಬರಿಯ ಬೀಜವಾಯಿತು.

ಆ ಕಾದಂಬರಿಯನ್ನು ಮುಗಿಸಲು ಸುಮಾರು ಆರು ವರ್ಷಗಳು ಹಿಡಿದವು. 2015ರಲ್ಲಿ ಪ್ರಕಟವಾದ ಅದರ ಹೆಸರು ‘ಆ್ಯನ್ ಎಂಬರ್ ಇನ್ ದಿ ಆ್ಯಶಸ್’. ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಪ್ರಾಚೀನ ರೋಮನ್ನು ಹೋಲುವ ಒಂದು ಕಲ್ಪಿತ ಸಾಮ್ರಾಜ್ಯ. ಅಲ್ಲಿ ಸೋತ ಜನಾಂಗಕ್ಕೆ ಓದು ಬರಹವೂ ನಿಷಿದ್ಧ. ಸೆರೆಯಾದ ಅಣ್ಣನನ್ನು ಬಿಡಿಸಲು ಲಾಯಾ ಎಂಬ ಹುಡುಗಿ ದಾಸಿಯ ವೇಷದಲ್ಲಿ ಸೈನಿಕ ಶಾಲೆಯೊಂದನ್ನು ಹೊಕ್ಕು ಗೂಢಚಾರಿಣಿಯಾಗುತ್ತಾಳೆ. ಅವಳು ಧೀರೆಯೇನಲ್ಲ. ಅಣ್ಣನನ್ನು ಹಿಡಿದ ರಾತ್ರಿ ಹೆದರಿ ಓಡಿಹೋದವಳು. ಆ ನಾಚಿಕೆಯನ್ನು ಹೊತ್ತುಕೊಂಡೇ ಮುಂದೆ ನಡೆಯುತ್ತಾಳೆ. ಕಾದಂಬರಿಯ ಬಲವಿರುವುದೂ ಇಲ್ಲಿಯೇ. 2020ರ ವೇಳೆಗೆ ಈ ಕಥೆ ನಾಲ್ಕು ಸಂಪುಟಗಳಾಗಿ ಪೂರ್ಣಗೊಂಡಿತು.

ಇಷ್ಟಾದರೂ ಬರೆಯಬೇಕಾಗಿದ್ದ ಇನ್ನೊಂದು ಕಥೆ ಉಳಿದೇ ಇತ್ತು. ಕಲ್ಪಿತ ಸಾಮ್ರಾಜ್ಯವನ್ನು ಕಟ್ಟುವುದು ಎಷ್ಟೇ ಶ್ರಮದ ಕೆಲಸವಾಗಿರಲಿ, ತಾನು ಬೆಳೆದ ಮನೆಯ ಬಾಗಿಲನ್ನು ಓದುಗರಿಗೆ ತೆರೆಯುವುದು ಅದಕ್ಕಿಂತ ಕಠಿನ. ನೆರೆಹೊರೆಯವರು ಏನೆನ್ನುವರು, ತಂದೆತಾಯಿಗಳು ನೊಂದುಕೊಳ್ಳುವರೋ ಎಂಬ ಅಳುಕು ಯಾವ ಲೇಖಕನಿಗೂ ತಪ್ಪಿದ್ದಲ್ಲ. ಮೋಟೆಲಿನ ಬದುಕನ್ನು ಆಧರಿಸಿದ ‘ಆಲ್ ಮೈ ರೇಜ್’ ಎಂಬ ಕಾದಂಬರಿಯನ್ನು ಬರೆಯುತ್ತ, ಬಿಡುತ್ತ, ಮತ್ತೆ ಬರೆಯುತ್ತ ಸಬಾ ಸುಮಾರು ಹದಿನೈದು ವರ್ಷಗಳನ್ನು ಕಳೆದರು. ಅದು 2022ರಲ್ಲಿ ಹೊರಬಂದಿತು.

ಕಥೆ ನಡೆಯುವುದು ಜೂನಿಪರ್ ಎಂಬ ಮರುಭೂಮಿಯ ಊರಿನಲ್ಲಿ. ಸಲಾಹುದ್ದೀನನ ತಾಯಿ ಮಿಸ್ಬಾ ಲಾಹೋರಿನಿಂದ ಬಂದವಳು. ಮೋಟೆಲು ಅವಳ ಕನಸು. ಗಂಡ ಕುಡಿತಕ್ಕೆ ಬಿದ್ದಿದ್ದಾನೆ. ಅವಳಿಗೆ ಮೂತ್ರಪಿಂಡದ ಕಾಯಿಲೆ, ಚಿಕಿತ್ಸೆಗೆ ಹಣವಿಲ್ಲ. ತಾಯಿ ತೀರಿಕೊಂಡ ಮೇಲೆ ಮೋಟೆಲನ್ನು ಉಳಿಸಿಕೊಳ್ಳುವ ಹಟದಲ್ಲಿ ಮಗನು ಮಾದಕ ವಸ್ತುಗಳ ಮಾರಾಟಕ್ಕೆ ಇಳಿಯುತ್ತಾನೆ. ಅವನ ಗೆಳತಿ ನೂರ್, ಬಾಲ್ಯದಲ್ಲಿ ಭೂಕಂಪದ ಅವಶೇಷಗಳಡಿಯಿಂದ ಬದುಕಿ ಬಂದವಳು. ವೈದ್ಯೆಯಾಗುವ ಆಸೆಯಿಂದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿರುವ ಅವಳು ಅವನ ತಪ್ಪಿನಿಂದ ಪೊಲೀಸರ ಕೈಗೆ ಸಿಕ್ಕುತ್ತಾಳೆ. ತಾಯಿಯ ಮೇಲಣ ಪ್ರೀತಿ ದೊಡ್ಡದೆಂದು ಮಗನ ತಪ್ಪನ್ನು ಲೇಖಕಿ ಮುಚ್ಚಿಡುವುದಿಲ್ಲ. ಆ ಪ್ರೀತಿಗಾಗಿ ಬೇರೊಬ್ಬಳು ತೆತ್ತ ಬೆಲೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ. ಮನೆಯವರ ದೋಷಗಳನ್ನು ಹೇಳಿದರೆ ಸಮುದಾಯಕ್ಕೆ ಕೆಟ್ಟ ಹೆಸರು ಬರುವುದೆಂದು ಅಂಜಿದ್ದರೆ ಈ ಪುಸ್ತಕ ಹುಟ್ಟುತ್ತಿರಲಿಲ್ಲ. ಮಿಸ್ಬಾಳ ನಮಾಜು, ಅವಳು ಕಾಯಿಸುವ ಚಹಾ, ಅವಳ ಕ್ಷಮಾಗುಣ ಇವೂ ಅದೇ ಪುಟಗಳಲ್ಲಿವೆ.

2022ರ ನವೆಂಬರಿನಲ್ಲಿ ಕಿರಿಯರ ಸಾಹಿತ್ಯ ವಿಭಾಗದಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಈ ಕೃತಿಗೆ ದೊರೆಯಿತು. ಪ್ರಶಸ್ತಿಯನ್ನು ಸ್ವೀಕರಿಸುತ್ತ ಸಬಾ, ತಮ್ಮ ಕಥೆಯನ್ನು ನಿರ್ಭಯವಾಗಿ ಹೇಳುವ ಹಕ್ಕಿಗಾಗಿ ಹೋರಾಡುತ್ತಿರುವ ಮುಸ್ಲಿಂ ಸೋದರಿಯರನ್ನು ಸ್ಮರಿಸಿದರು. ಮರುವರ್ಷ ಆ ದೇಶದ ಗ್ರಂಥಾಲಯ ಸಂಘವು ನೀಡುವ ಮೈಕೇಲ್ ಪ್ರಿಂಟ್ಸ್ ಪ್ರಶಸ್ತಿಯೂ ಬಂದಿತು. ಆ ಪ್ರಶಸ್ತಿಗೆ ಹೆಸರು ಕೊಟ್ಟವನು ರಾಜನೂ ಅಲ್ಲ, ಧನಿಕನೂ ಅಲ್ಲ. ಕ್ಯಾನ್ಸಸ್ ರಾಜ್ಯದ ಒಂದು ಶಾಲೆಯಲ್ಲಿ ಗ್ರಂಥಪಾಲಕನಾಗಿದ್ದವನು.

2024ರಲ್ಲಿ ಪ್ರಕಟವಾದ ‘ಏರ್’ ಎಂಬ ಕಾದಂಬರಿಯಲ್ಲಿ ಸಬಾ ಮತ್ತೆ ತಮ್ಮ ಕಲ್ಪಿತ ಸಾಮ್ರಾಜ್ಯಕ್ಕೆ ಮರಳಿದರು. ಮೊದಲ ಕಥೆ ಮುಗಿದು ಇಪ್ಪತ್ತು ವರ್ಷಗಳಾದ ಮೇಲಿನ ಕಾಲ ಅದರದು. ಅಂದು ಎಳೆಯರಾಗಿದ್ದವರ ಮುಂದಿನ ಪೀಳಿಗೆ ಅದರ ಪುಟಗಳಲ್ಲಿ ಹೊಸ ಯುದ್ಧವನ್ನು ಎದುರಿಸುತ್ತದೆ.